ಅಧ್ಯಕ್ಷರು ಅಳಿಸಿದ ನಗು

ನೀರಿನ ಟ್ಯಾಂಕು ಕುಸಿದು, ಕೆಳಗೆ ಕೊಡ ಹಿಡಿದು ನಿಂತಿದ್ದ ಮೂವರು ಹೆಂಗಸರು ಸತ್ತರು. ಪುರಸಭೆ ಅಧ್ಯಕ್ಷ ಗುರುಲಿಂಗಪ್ಪ ಊರಿನ ಫೇಸ್‌ಬುಕ್ ಗುಂಪಿನಲ್ಲಿ ಶ್ರದ್ಧಾಂಜಲಿ ಹಾಕಿದ. ಸತ್ತವರ ಫೋಟೋ ಅಂಚೆಚೀಟಿಯಷ್ಟು, ಅವನದು ಅಂಗೈಯಗಲ. ಕೆಳಗೆ ಯಾರೋ ಬರೆದರು: 'ಟ್ಯಾಂಕಿಗೆ ಹಾಕಿದ ಸಿಮೆಂಟಿಗಿಂತ ಮುಖಕ್ಕೆ ಹಾಕಿದ ಪೌಡರೇ ಜಾಸ್ತಿ.' ಊರೆಲ್ಲ ನಕ್ಕಿತು.

ಗುಂಪನ್ನು ನೋಡಿಕೊಳ್ಳುತ್ತಿದ್ದ ಟೈಲರ್ ಕಮಲಾಕ್ಷಿಯೂ ನಕ್ಕಿದ್ದಳು. ನಕ್ಕಮೇಲೆ ಸತ್ತವರ ಫೋಟೋವನ್ನು ಬೆರಳಿನಿಂದ ಹಿಗ್ಗಿಸಿ ನೋಡಿದ್ದಳು.

ಅಧ್ಯಕ್ಷ ಅವಳ ಅಂಗಡಿಗೇ ನುಗ್ಗಿದ.

"ಸಾವಿನಲ್ಲೂ ತಮಾಷೆಯೇನೇ? ಜೋಕುಗಳನ್ನೆಲ್ಲ ಅಳಿಸು. ಗಂಭೀರವಾದ ಮಾತು ಮಾತ್ರ ಇರಬೇಕು. ಇಲ್ಲಾಂದ್ರೆ ಅಂಗಡಿಗೆ ಬೀಗ!"

"ಗಂಭೀರವಾದ್ದನ್ನ ಮುಟ್ಟಬಾರದು, ಅಲ್ವಾ ಸ್ವಾಮಿ?"

"ಮುಟ್ಟಲೇಬೇಡ."

"ಹಾಗಂತ ಗುಂಪಿನಲ್ಲಿ ನೀವೇ ಹಾಕಿಬಿಡಿ. ಜನ ನನ್ನ ಮಾತು ಕೇಳಲ್ಲ."

ಅವನು ಅಲ್ಲೇ ನಿಂತು ಹಾಕಿದ. ಅವಳು ಮೆಷಿನ್ನು ನಿಲ್ಲಿಸಿ ಜೋಕುಗಳನ್ನು ಒಂದೊಂದಾಗಿ ಅಳಿಸಿದಳು.

ಆ ಗುಂಪಿನಲ್ಲಿ ಜನ ಹೆಚ್ಚು ನಕ್ಕ ಮಾತು ಮೇಲೆ ನಿಲ್ಲುತ್ತಿತ್ತು, ಉಳಿದದ್ದು ಯಾರ ಕಣ್ಣಿಗೂ ಬೀಳದೆ ತಳ ಸೇರುತ್ತಿತ್ತು. ನಗು ಹೋದಮೇಲೆ ತಳದಲ್ಲಿದ್ದದ್ದು ಮೇಲೆ ಬಂತು.

'ಕಂಬ ಬಿರುಕು ಬಿಟ್ಟಿದೆ ಅಂತ ಯುಗಾದಿಗೇ ಅಧ್ಯಕ್ಷರಿಗೆ ಹೇಳಿದ್ದೆವು.'

'ಟ್ಯಾಂಕು ಕಟ್ಟಿದವನು ಅವರ ಭಾವಮೈದ.'

'ಅವ್ವನ ಕೊಡ ಇನ್ನೂ ಅಲ್ಲೇ ಬಿದ್ದಿದೆ. ತರೋಕೆ ಧೈರ್ಯ ಬರ್ತಿಲ್ಲ.'

ಊರು ಓದಿತು. ಸಂಜೆಗೆ ಅಧ್ಯಕ್ಷನ ಮನೆ ಮುಂದೆ ಜನ ಸೇರಿದರು. ಯಾರೂ ಕೂಗಲಿಲ್ಲ, ಸುಮ್ಮನೆ ನಿಂತರು.

ಕಮಲಾಕ್ಷಿಯ ಫೋನು ಬಡಿದುಕೊಂಡಿತು. ಆ ಕಡೆ ಅಧ್ಯಕ್ಷ. "ತಾಯಿ, ಆ ಪೌಡರಿನ ಜೋಕು ಮತ್ತೆ ಹಾಕಮ್ಮ."

"ಹಾಕಬಹುದು ಸ್ವಾಮಿ. ಆದ್ರೆ ನಾನೂ ನಿಮ್ಮ ಬಾಗಿಲಲ್ಲೇ ನಿಂತಿದ್ದೀನಿ. ಇಲ್ಲಿ ಯಾರಿಗೂ ನಗು ಬರ್ತಿಲ್ಲ."