ತಡೆಚೀಟಿ ಕಟ್ಟುವವನು

"ನನ್ನ ತಾಯಿಯ ಜಠರದ ಕ್ಯಾನ್ಸರ್ ಯಕೃತ್ತಿಗೆ ಹಬ್ಬಿದ್ದು ಹೇಗೆ? ಮೂರು ಒಗಟು ಕೇಳುವೆನು. ಬಿಡಿಸಿದವರು ಬೇಡಿದ್ದನ್ನು ಪಡೆಯುವರು. ತಪ್ಪಿದವರಿಗೆ ತಲೆದಂಡ."

ರಾಣಿ ತೀರಿಕೊಂಡ ಹದಿಮೂರನೆಯ ದಿನ ಕುಂಭಗಿರಿಯ ರಾಜಕುಮಾರಿ ಹೈಮವತಿ ಹೀಗೆ ಡಂಗುರ ಹೊಡೆಯಿಸಿದಳು. ಅವಳು ಅತ್ತಿರಲಿಲ್ಲ. ತಾಯಿಯ ಹೊಟ್ಟೆಯಿಂದ ತಡವಾಗಿ ತೆಗೆದ ಗಡ್ಡೆಯ ಚೂರನ್ನು ತಿಂಗಳುಗಟ್ಟಲೆ ಪರೀಕ್ಷಿಸಿದ ಅವಳ ಕಣ್ಣುಗಳು ಸಿಟ್ಟಿನಿಂದ ಕೆಂಪಾಗಿದ್ದವು.

ಸಭೆ ತುಂಬಿತು. ಅವಳು ಕೇಳಿದಳು:

"ಪ್ರತಿ ಜೀವಕೋಶದಲ್ಲಿಯೂ ಅಪ್ಪಣೆಯ ಓಲೆಗಳು ಓಡಾಡುತ್ತವೆ. ತಾನು ಏನನ್ನೂ ಕಟ್ಟದೆ, ಆ ಅಪ್ಪಣೆಯನ್ನು ತಡೆಯುವ ಪುಟ್ಟದು ಯಾವುದು? ಎರಡನೆಯದು: ಜಠರದ ಕೋಶಗಳು ಒಂದನ್ನೊಂದು ಹಿಡಿದು ಕುಳಿತಿರುತ್ತವೆ. ಅವುಗಳಲ್ಲಿ ಒಂದು ಕೋಶ ಕೈಬಿಟ್ಟು ಅಲೆಯಲು ಹೊರಟಿತು. ಅಲ್ಲಿರಬೇಕಾಗಿದ್ದ ಯಾವುದು ಕಾಣೆಯಾಗಿತ್ತು? ಮೂರನೆಯದು: ಆ ಅಲೆಮಾರಿ ಯಕೃತ್ತನ್ನು ಮುಟ್ಟುವ ಮೊದಲೇ ಅಲ್ಲಿ ಅದಕ್ಕೆ ಹಾಸಿಗೆ ಸಿದ್ಧವಾಗಿತ್ತು. ಗುಳ್ಳೆಯಂಥ ಸಂಚಿಯಲ್ಲಿ ಮುಂಚಿತವಾಗಿ ಹೋದದ್ದು ಯಾವುದು?"

ವರ್ತಕನ ಮಗ ಜಿನಪಾಲ, "ವಿಷ, ಹುಳು, ದೃಷ್ಟಿ" ಎಂದನು. ಭಟರು ಅವನ ತೋಳು ಹಿಡಿದರು.

ಆಸ್ಥಾನವೈದ್ಯ ಸೋಮಶೇಖರ ಪಂಡಿತನು ಶಾಲು ಸರಿಪಡಿಸಿಕೊಂಡು, "ವಾಯು, ಪಿತ್ತ, ಪೂರ್ವಕರ್ಮ" ಎಂದನು. ಅವನ ತೋಳನ್ನೂ ಹಿಡಿದರು.

ಆಗ ಅರಮನೆಯ ಓಲೆಸಾಲೆಯಲ್ಲಿ ಓಲೆಗಳನ್ನು ಕಟ್ಟಿ ಕಳಿಸುವ ಆಳು ಕೆಂಚ ಮುಂದೆ ಬಂದನು.

"ಏನೋ, ಮೊದಲು ಅಕ್ಷರ ಕಲಿತು ಬಾರೋ" ಎಂದನು ಪಂಡಿತ.

"ಅದು ಬಾರದ್ದಕ್ಕೇ ಇಲ್ಲಿ ನಿಂತಿದ್ದೇನೆ, ಬುದ್ಧಿ." ಕೆಂಚ ರಾಜಕುಮಾರಿಯತ್ತ ತಿರುಗಿದನು. "ಅಮ್ಮಣ್ಣಿ, ಮೊದಲನೆಯದು ನಮ್ಮ ಓಲೆಸಾಲೆಯ ತಡೆಚೀಟಿಯಂಥದು. ಹೆಬ್ಬೆರಳುದ್ದ ಇರುತ್ತದೆ. ಅದನ್ನು ಕಟ್ಟಿದ ಓಲೆಯ ಅಪ್ಪಣೆ ನಡೆಯುವುದಿಲ್ಲ. ಎರಡನೆಯದೂ ಅದೇ. 'ಕೈಬಿಡು, ಹೊರಡು' ಎಂಬ ಓಲೆಗೆ ಕಟ್ಟಬೇಕಾಗಿದ್ದ ಚೀಟಿ ಕಳೆದಿದೆ. ಮೂರನೆಯದೂ ಅದೇ. ಸಂಚಿಯಲ್ಲಿ ಹೋದ ಚೀಟಿ ಯಕೃತ್ತೆಂಬ ಆ ಊರಿನ ಕಾವಲಿನ ಓಲೆಯನ್ನು ತಡೆಯಿತು."

"ಮೂರಕ್ಕೂ ಒಂದೇ ಉತ್ತರವಂತೆ" ಎಂದು ಯಾರೋ ನಕ್ಕರು.

ಹೈಮವತಿ ಎದ್ದು ನಿಂತಳು. "ಒಂದೇ. ವಿದ್ವಾಂಸರು ಅದನ್ನು ಮೈಕ್ರೋ ಆರ್‌ಎನ್‌ಎ ಎನ್ನುತ್ತಾರೆ. ಅದರಲ್ಲಿ ಬಗೆಗಳು ಹಲವು. ಕೆಲವು ಕ್ಯಾನ್ಸರನ್ನು ಕಟ್ಟಿಹಾಕುತ್ತವೆ, ಕೆಲವು ಅದಕ್ಕೆ ದಾರಿ ಮಾಡಿಕೊಡುತ್ತವೆ. ಏನು ಬೇಕು, ಕೇಳು."

ಕೆಂಚ ರುಮಾಲಿನಿಂದ ಒಂದು ಓಲೆ ತೆಗೆದು ಅವಳ ಕೈಗಿತ್ತನು. ರಾಣಿಗೆ ಮೊದಲು ಹೊಟ್ಟೆನೋವು ಬಂದಾಗ ಹೊರಟ ಅಪ್ಪಣೆ ಅದು; 'ರಾಣಿಯವರ ಹೊಟ್ಟೆಯನ್ನು ಕೂಡಲೇ ಪರೀಕ್ಷಿಸತಕ್ಕದ್ದು' ಎಂದಿತ್ತು. ಅದಕ್ಕೆ ಕಟ್ಟಿದ ಚೀಟಿಯಲ್ಲಿ ಪಂಡಿತನ ಮುದ್ರೆಯಿತ್ತು: 'ಬೇಡ. ಬರೀ ಪಿತ್ತ.'

"ಗಂಟು ನನ್ನದು, ತಾಯಿ. ಏನು ಬರೆದಿದೆಯೆಂದು ಕೇಳದೆ ಕಟ್ಟಿದೆ. ರಾಣಿಯವರು ಹೋದ ಮೇಲೆ ಬೇರೆಯವರಿಂದ ಓದಿಸಿಕೊಂಡೆ. ನನ್ನ ತಲೆ ತೆಗೆಯಿರಿ. ಆದರೆ ಹೊಟ್ಟೆನೋವೆಂದು ಬಂದವರ ಓಲೆಗೆ ಇನ್ನು ಯಾರೂ ಚೀಟಿ ಕಟ್ಟಬಾರದು. ಬೇಡುವುದು ಅದೊಂದೇ."

ಹೈಮವತಿ ಚೀಟಿಯ ಮುದ್ರೆಯನ್ನು ಪಂಡಿತನತ್ತ ಎತ್ತಿ ಹಿಡಿದಳು. ಆಮೇಲೆ ಓಲೆಯನ್ನು ಕೆಂಚನಿಗೆ ಚಾಚಿ, "ಕಟ್ಟಿದವನು ನೀನು. ನೀನೇ ಬಿಚ್ಚು" ಎಂದಳು.

ಅವನು ಬಿಚ್ಚಿದನು. ಅಂದು ಯಾರ ತಲೆಯೂ ಉರುಳಲಿಲ್ಲ. ಪಂಡಿತನಿಗೆ ಪ್ರತಿದಿನ ಆಸ್ಪತ್ರೆಯ ಬಾಗಿಲಲ್ಲಿ ನಿಂತು, ಬಂದವರೆಲ್ಲರ ನೋವನ್ನು ಕೊನೆಯ ಮಾತಿನವರೆಗೆ ಕೇಳುವ ಶಿಕ್ಷೆಯಾಯಿತು. ಕೆಂಚನು ಓಲೆಸಾಲೆಯ ಒಡೆಯನಾದನು, ಅಕ್ಷರ ಕಲಿತನು. ಅಲ್ಲಿಂದ ಮುಂದೆ ಓದದೆ ಅವನು ಒಂದು ಗಂಟನ್ನೂ ಹಾಕಲಿಲ್ಲ.