ಆನೆಯ ಪಾಲಿನ ಗೆಣಸು

ಒಂದು ಕಾಡಿನಲ್ಲಿ ತಿಂದು ಮುಗಿಯದಷ್ಟು ಹಣ್ಣು, ಗೆಡ್ಡೆ, ಗೆಣಸು ಇದ್ದವು. ಅಲ್ಲಿನ ಜಿಂಕೆಗಳಿಗೂ ಹೊಟ್ಟೆ ಬಂದು ಓಡಲು ಬೇಸರವಾಗಿತ್ತು. ಬೆಟ್ಟದಾಚೆಯ ಬರಡು ಕುರುಚಲು ಕಾಡಿನಿಂದ ಸೂಜವ್ವ ಎಂಬ ಮುಳ್ಳುಹಂದಿ ಮರಿಗಳನ್ನು ಕಟ್ಟಿಕೊಂಡು ಅಲ್ಲಿಗೆ ಬದುಕಲು ಬಂದಳು.

ಗಡಿಯಲ್ಲೇ ಕೆಂಚಣ್ಣ ಎಂಬ ನರಿ ಎದುರಾದ. ಅವನೂ ಹಿಂದೊಮ್ಮೆ ಅದೇ ಕುರುಚಲಿನಿಂದ ಬಂದವನೇ.

"ಬಾ ತಂಗೀ, ನಮ್ಮೂರಿನವಳು! ಗೆಣಸು ಅಗೆಯೋ ಕೆಲಸ ಕೊಡಿಸ್ತೀನಿ. ಈ ಕಾಡಿನ ಹಣ್ಣು, ಗೆಡ್ಡೆ ಎಲ್ಲ ಆನೆರಾಜನದು, ಹಾಗೇ ಮುಟ್ಟೋ ಹಾಗಿಲ್ಲ. ಅಗೆದದ್ದರಲ್ಲಿ ಸಣ್ಣ ಪಾಲು ನಿನಗೆ, ದೊಡ್ಡ ಪಾಲು ಅವನಿಗೆ ಕಪ್ಪ. ನಾನೇ ಒಪ್ಪಿಸ್ತೀನಿ. ನೀನು ಮಾತ್ರ ಅವನ ಹತ್ತಿರ ಸುಳಿಯಬೇಡ. ಹೊಸಬರನ್ನು ಕಂಡರೆ ಓಡಿಸಿಬಿಡ್ತಾನೆ!"

ಪಾಪ, ಸೂಜವ್ವ ನಂಬಿದಳು. ಉಗುರು ಸವೆಯುವಂತೆ ಅಗೆದಳು. ಮರಿಗಳು ಗೆಣಸಿನ ನಾರು ಚೀಪಿ ಮಲಗುತ್ತಿದ್ದವು. ಕೆಂಚಣ್ಣನ ಹೊಟ್ಟೆ ಮಾತ್ರ ದಿನೇ ದಿನೇ ಅವನಿಗಿಂತ ಮುಂದೆ ನಡೆಯತೊಡಗಿತು.

ಆದರೆ ಸೂಜವ್ವನಿಗೆ ಒಂದು ಕೊರಗು. ಅವಳ ಕುರುಚಲಿನಲ್ಲಿ ಯಾರಿಗಾದರೂ ತಿನ್ನಲು ಕೊಟ್ಟರೆ, ಎದುರಿಗೆ ಹೋಗಿ "ರುಚಿಯಾಗಿತ್ತಾ?" ಎಂದು ಕೇಳಲೇಬೇಕು. ಕೇಳದಿದ್ದರೆ ಮರ್ಯಾದೆಗೇಡು. ಇಷ್ಟು ದಿನ ರಾಜನಿಗೆ ಉಣಿಸಿ ಒಂದು ಮಾತೂ ಕೇಳಿಲ್ಲವಲ್ಲ! ಕೊನೆಗೆ ಓಡಿಸಿದರೆ ಓಡಿಸಲಿ ಎಂದು ಮರಿಗಳ ಸಮೇತ ಹೋಗಿ ಆನೆರಾಜನ ಮುಂದೆ ನಿಂತಳು. ಹೆದರಿಕೆಗೆ ಮುಳ್ಳುಗಳೆಲ್ಲ ಗಡಗಡ ಅಲುಗುತ್ತಿದ್ದವು.

"ಒಡೆಯಾ, ಗೆಣಸು ರುಚಿಯಾಗಿತ್ತಾ?"

"ಯಾವ ಗೆಣಸಮ್ಮಾ?"

"ದಿನಾ ಕೆಂಚಣ್ಣನ ಕೈಲಿ ಕಳಿಸ್ತೀನಲ್ಲ, ನಿಮ್ಮ ಕಪ್ಪ."

"ಇಲ್ಲಿ ಕಪ್ಪವೂ ಇಲ್ಲ, ಗಿಪ್ಪವೂ ಇಲ್ಲ. ಅಗೆದವರದೇ ಗೆಣಸು!" ಎಂದ ಆನೆರಾಜ. ಆಮೇಲೆ ಮರಿಗಳ ಪಕ್ಕೆಲುಬು ನೋಡಿ ನಾಚಿದ. "ದೂರದಿಂದ ನಿಮ್ಮನ್ನು ಎಷ್ಟೋ ಸಲ ನೋಡಿದ್ದೆ. ನಿಮ್ಮ ಕುಲವೇ ಸಣಕಲು ಅಂದುಕೊಂಡು ಸುಮ್ಮನಿದ್ದೆನಲ್ಲ!"

ಕೆಂಚಣ್ಣನನ್ನು ಹಿಡಿದು ತಂದರು. ಅವನು ಹಲ್ಲು ಕಿರಿದು, "ಎಲ್ಲ ಕೂಡಿಟ್ಟಿದ್ದೀನಿ ಒಡೆಯಾ, ಒಟ್ಟಿಗೇ ಒಪ್ಪಿಸೋಣ ಅಂತ" ಎಂದ.

"ಹಾಗೋ? ಈಗಲೇ ತಂದು ಇವಳಿಗೆ ಒಪ್ಪಿಸು."

ಕೆಂಚಣ್ಣನ ಗುಹೆಯಲ್ಲಿ ನೋಡಿದರೆ ಸಿಪ್ಪೆ ಬಿಟ್ಟು ಬೇರೇನೂ ಇರಲಿಲ್ಲ. "ಹಾಗಾದರೆ ಅಗೆದು ಒಪ್ಪಿಸು" ಎಂದ ಆನೆರಾಜ.

ಕೆಂಚಣ್ಣ ಅಗೆಯಲು ಬಗ್ಗಿದರೆ ಹೊಟ್ಟೆ ಅಡ್ಡ ಬಂತು. ಏದುಸಿರು ಬಿಡುತ್ತಾ, ಉರುಳುತ್ತಾ, ಅಂತೂ ಅಗೆದು ತಂದು ಸೂಜವ್ವನ ಮುಂದೆ ಸುರಿದ. ಮರಿಗಳು ತಿಂದವು, ತಿಂದವು, ಕೊನೆಗೆ "ಸಾಕವ್ವಾ" ಎಂದವು. ಅವು ಹುಟ್ಟಿದಾಗಿನಿಂದ ಸೂಜವ್ವ ಆ ಮಾತು ಕೇಳಿರಲಿಲ್ಲ. ಅವಳಿಗೆ ಅಳು ತಡೆಯಲಾಗಲಿಲ್ಲ.

ನೀತಿ: ಹೊಸ ನಾಡಿಗೆ ಬಂದವರು ಅಲ್ಲಿನ ನಿಯಮವನ್ನು ತಾವೇ ಕೇಳಿ ತಿಳಿಯಬೇಕು, ಸಿರಿವಂತ ನಾಡಿನವರು ನೆರೆಯವರ ಹಸಿವನ್ನು ಅವರ ಹುಟ್ಟುಗುಣ ಎಂದುಕೊಂಡು ಸುಮ್ಮನಿರಬಾರದು.