ನೀರುಗಂಟಿ ಎಳೆದ ಗಡಿ

ಶಿಷ್ಯ ಕೇಳಿದ: “ಗುರುಗಳೇ, ನಾಡು ಕಟ್ಟಿದವರು ದೊಡ್ಡ ತ್ಯಾಗಿಗಳು ಎಂದು ಎಲ್ಲರೂ ಹೇಳುತ್ತಾರೆ. ಕಟ್ಟಿದರು, ಸರಿ. ಕಟ್ಟಿದ ಮೇಲೆ ನಾಡು ಅವರದೇ ಆಯಿತಲ್ಲ. ಇದರಲ್ಲಿ ತ್ಯಾಗ ಎಲ್ಲಿದೆ?”

ಗುರುಗಳು ನಕ್ಕರು. “ಪ್ರಶ್ನೆ ಚುರುಕಾಗಿದೆ. ಒಂದು ಕತೆ ಹೇಳುತ್ತೇನೆ. ಇದರಲ್ಲಿ ಜನ ತುಂಬ ಓಡುತ್ತಾರೆ, ನೀನು ಕೂತೇ ಕೇಳು” ಎಂದು ಶುರು ಮಾಡಿದರು.

ಗುಡ್ಡಗಾಡಿನ ಒಂದು ಸೀಮೆಯಲ್ಲಿ ಒಬ್ಬ ನೀರುಗಂಟಿ ಇದ್ದ. ಕೆರೆಯ ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿ ಬಿಡುವುದು ಅವನ ಕೆಲಸ. ಆ ಸೀಮೆಯ ಅರಸನಿಗೆ ಕೋಟೆಯ ಹುಚ್ಚು. ತಿಂಗಳಿಗೆ ಹತ್ತು ದಿನ ಪ್ರತಿ ಮನೆಯಿಂದ ಒಬ್ಬರು ಹೋಗಿ ಕಲ್ಲು ಹೊರಬೇಕು. ಬಿಟ್ಟಿ ಚಾಕರಿ, ಕೂಲಿ ಇಲ್ಲ, ಗಂಜಿಯೂ ಇಲ್ಲ. ಕೋಟೆ ಮುಗಿಯುತ್ತ ಬಂತು ಅನ್ನುವಾಗ ಒಂದು ಗೋಡೆ ಕೆಡವಿ ಮತ್ತೆ ಕಟ್ಟಿಸುತ್ತಿದ್ದ, ಪುಣ್ಯಾತ್ಮ.

ಒಂದು ದಿನ ನೀರುಗಂಟಿ ಹೊತ್ತ ಕಲ್ಲನ್ನು ನಡುದಾರಿಯಲ್ಲಿ ಇಳಿಸಿದ. “ಇನ್ನು ಹೊರುವುದಿಲ್ಲ” ಎಂದ. ಹಿಂದಿದ್ದವನೂ ಇಳಿಸಿದ. ಅವನ ಹಿಂದಿದ್ದವನೂ ಇಳಿಸಿದ. ಸಂಜೆಯ ಹೊತ್ತಿಗೆ ದಾರಿಯ ತುಂಬ ಕಲ್ಲೇ ಕಲ್ಲು, ಅರಸನ ಕುದುರೆಗಳಿಗೆ ಕಾಲಿಡಲು ಜಾಗವಿರಲಿಲ್ಲ. ಏಳು ವರ್ಷ ಹೊಡೆದಾಟ ನಡೆಯಿತು. ನೀರುಗಂಟಿ ಮೂರು ಸಲ ಸೆರೆಗೆ ಹೋಗಿ ಬಂದ. ಕೊನೆಗೆ ಅರಸನೇ ಸುಸ್ತಾದ.

“ಹೋಗಿ, ಬೇರೆ ನಾಡು ಮಾಡಿಕೊಳ್ಳಿ” ಎಂದು ಹೇಳಿಕಳುಹಿಸಿದ. “ಗಡಿಗೆ ಯಾವ ನಿಯಮ ಬೇಕೋ ನೀವೇ ಹೇಳಿ. ಆದರೆ ಎಲ್ಲ ಕಡೆಗೂ ಅದೊಂದೇ. ಗಡಿ ಹಾಕುವ ದಿನ ಯಾರ ಒಲೆ ಯಾವ ಕಡೆ ಇರುತ್ತದೋ ಅವರು ಆ ಕಡೆಯ ಪ್ರಜೆ. ಆಮೇಲೆ ಒಲೆ ಹೊತ್ತುಕೊಂಡು ಓಡುವಂತಿಲ್ಲ. ಒಂದೇ ಒಂದು ಕಡೆ ನಿಯಮ ತಪ್ಪಿದರೂ ಒಪ್ಪಂದ ಮುರಿದ ಹಾಗೆ.”

ಊರೂರಿನ ಹಿರಿಯರು ಸೇರಿದರು. ಮೂರು ದಿನ ಗಲಾಟೆ. ಒಬ್ಬ ಹಳೆಯ ದಾರಿಯೇ ಗಡಿಯಾಗಲಿ ಎಂದ. ಅವನ ತೋಟ ದಾರಿಯ ಈಚೆ ಇತ್ತು. ಇನ್ನೊಬ್ಬ ಗುಡಿಗಳ ಸಾಲೇ ಗಡಿಯಾಗಲಿ ಎಂದ. ಅವನ ಮಾವನ ಮನೆ ಗುಡಿಯ ಪಕ್ಕದಲ್ಲಿತ್ತು. ನಾಲ್ಕನೆಯ ದಿನ ನೀರುಗಂಟಿ ಎದ್ದು ನಿಂತ.

“ನೀರು ಹೇಳಲಿ. ಮಳೆನೀರು ಮೂಡಣಕ್ಕೆ ಹರಿಯುವ ನೆಲ ನಮ್ಮದು, ಪಡುವಣಕ್ಕೆ ಹರಿಯುವ ನೆಲ ಅರಸನದು. ನೀರು ಯಾರ ಮುಖವನ್ನೂ ನೋಡುವುದಿಲ್ಲ.”

ಎಲ್ಲರೂ ಒಪ್ಪಿದರು. ಅರಸನೂ ಒಪ್ಪಿದ.

ಗಡಿ ಹಾಕುವ ದಿನ ಬಂತು. ಗುಡ್ಡದ ನೆತ್ತಿ ಚೂಪಾಗಿದ್ದಲ್ಲಿ ಕೇಳುವುದೇನೂ ಇರಲಿಲ್ಲ. ಆದರೆ ಕೆಲವು ಕಡೆ ನೆತ್ತಿ ಚಪ್ಪಟೆ, ಅಲ್ಲಿ ಮನೆಗಳಿದ್ದವು. ಅಂಥ ಕಡೆ ಹೊಸ್ತಿಲ ಮುಂದೆ ಒಂದು ಕೊಡ ನೀರು ಸುರಿಯಬೇಕು, ಎರಡೂ ಕಡೆಯವರು ನಿಂತು ನೋಡಬೇಕು. ಕೊಡ ನೀರುಗಂಟಿಯ ಕೈಯಲ್ಲಿ. ಪಕ್ಕದಲ್ಲಿ ಅರಸನ ಅಧಿಕಾರಿ. ಹಿಂದೆ ತಮಟೆ, ಕಹಳೆ, ಸಾವಿರಾರು ಜನ.

ಮೊದಲನೆಯದು ಒಬ್ಬ ಮುದುಕಿಯ ಮನೆ. ನೀರು ಸುರಿದ. ನೀರು ಒಂದು ಕ್ಷಣ ಅಲ್ಲೇ ನಿಂತಿತು. ಸಾವಿರ ಜನ ಉಸಿರು ಬಿಗಿಹಿಡಿದರು. ಆಮೇಲೆ ನೀರು ಮೆಲ್ಲಗೆ ಮೂಡಣಕ್ಕೆ ತಿರುಗಿತು. ಎಂಥ ಕೇಕೆ ಎದ್ದಿತೆಂದರೆ ಗುಡ್ಡದ ಹಕ್ಕಿಗಳೆಲ್ಲ ಹಾರಿಹೋದವು. ಮುದುಕಿ ಕೈಯಲ್ಲಿದ್ದ ಪೊರಕೆ ಎತ್ತಿಕೊಂಡು ಕುಣಿದಳು. ಜನ ಮುಂದಿನ ಮನೆಗೆ ಓಡಿದರು. ಅದೂ ಮೂಡಣ. ಅದರ ಮುಂದಿನದೂ ಮೂಡಣ. ನಾಲ್ಕನೆಯ ಮನೆಯಲ್ಲಿ ನೀರು ಪಡುವಣಕ್ಕೆ ಹೋಯಿತು. ಆ ಮನೆಯವರು ಅಲ್ಲೇ ಕುಸಿದು ಕೂತರು. ತಮಟೆ ಸ್ವಲ್ಪ ಹೊತ್ತು ನಿಂತಿತು, ಮತ್ತೆ ಮೊಳಗಿತು. ಸಂತೋಷದಲ್ಲಿರುವ ಜನಕ್ಕೆ ನಿಂತು ಅಳುವ ಪುರುಸೊತ್ತು ಇರುವುದಿಲ್ಲ.

ಮುಂದೆ ಒಬ್ಬ ವ್ಯಾಪಾರಿಯ ಮನೆ. ಅಂಗಳ ಹೊಸದಾಗಿ ಸಾರಿಸಿತ್ತು. ನೀರುಗಂಟಿ ಕೊಡ ಇಳಿಸಿ, ಅಂಗೈಯಿಂದ ನೆಲ ಸವರಿದ. ಸಗಣಿಯ ಕೆಳಗೆ ಬೆರಳಗಲದ ಕಾಲುವೆ, ಮೂಡಣಕ್ಕೆ. ಅವನು ಏನೂ ಅನ್ನದೆ ಅದಕ್ಕೆ ಮಣ್ಣು ತುಂಬಿ ತುಳಿದ. ಆಮೇಲೆ ನೀರು ಸುರಿದ. ಅದು ಪಡುವಣಕ್ಕೆ ಹೋಯಿತು.

ವ್ಯಾಪಾರಿ ಉರಿದುಬಿದ್ದ. “ನಾನೂ ನಿನ್ನ ಜೊತೆ ಸೆರೆಯಲ್ಲಿದ್ದವನಯ್ಯಾ. ಇರಲಿ, ನಿನ್ನ ಮನೆಯೂ ಈ ಸಾಲಿನಲ್ಲೇ ಇದೆಯಲ್ಲ” ಎಂದ.

“ಇದೆ” ಎಂದ ನೀರುಗಂಟಿ. ಜನ ನಕ್ಕರು. ನಾಡು ಕಟ್ಟಿದವನ ಮನೆ ನಾಡಿನ ಒಳಗೆ ಇರದೆ ಇನ್ನೆಲ್ಲಿರುತ್ತದೆ ಎಂದು ಅವರ ಯೋಚನೆ.

ಆ ಸಾಲಿನ ಕೊನೆಯ ಮನೆಯೇ ಅವನದು. ಜನ ಮೊದಲೇ ಓಡಿಹೋಗಿ ಬಾಗಿಲಿಗೆ ತೋರಣ ಕಟ್ಟಿದ್ದರು. ಹೆಂಡತಿ ಹೊಸ್ತಿಲಲ್ಲಿ ನಿಂತಿದ್ದಳು. ಅವನು ಕೊಡ ಹಿಡಿದು ಹತ್ತಿರ ಬಂದಾಗ ಅವನಿಗಷ್ಟೇ ಕೇಳುವ ಹಾಗೆ ಕೇಳಿದಳು: “ನೀರಿನ ಮಾತು ಎತ್ತಿದಾಗ ನಿಮಗೆ ಗೊತ್ತಿತ್ತಾ?”

“ಮಳೆಗಾಲದಲ್ಲಿ ಅಂಗಳದ ನೀರು ಗುಡಿಸುವವಳು ನೀನು. ನಿನಗೆ ಗೊತ್ತಿರಲಿಲ್ಲವಾ?”

“ಗೊತ್ತಿತ್ತು. ನೀವು ಹೇಗಾದರೂ ಮಾಡುತ್ತೀರಿ ಅಂದುಕೊಂಡೆ.”

ಅವನು ಎತ್ತಿದ ಕೊಡವನ್ನು ಮತ್ತೆ ಕೆಳಗಿಟ್ಟ. ಅರಸನ ಅಧಿಕಾರಿ ಅದನ್ನು ಕಂಡ. ಹತ್ತಿರ ಬಂದು ಮೆಲ್ಲಗೆ ಹೇಳಿದ: “ಒಂದು ಮನೆ. ಕೊಡ ಸ್ವಲ್ಪ ಮೂಡಣದ ಕಡೆ ವಾಲಿಸು. ನಾನು ಆಕಾಶ ನೋಡುತ್ತಿರುತ್ತೇನೆ.” ಅದು ಕರುಣೆಯೋ ಗಾಳವೋ ನನಗೂ ತಿಳಿಯದು. ನೀರುಗಂಟಿಗೂ ತಿಳಿಯಲಿಲ್ಲ. ಅವನು ಹೆಂಡತಿಯ ಮುಖ ನೋಡಿದ. ಅವಳು ಸೆರಗು ಬಿಗಿದುಕೊಂಡು, ನೀರಿಗೆ ಅಡ್ಡ ಬಾರದ ಹಾಗೆ ಪಕ್ಕಕ್ಕೆ ಸರಿದು ನಿಂತಳು.

ಅವನು ಕೊಡವನ್ನು ನೆಟ್ಟಗೆ ಹಿಡಿದು ಸುರಿದ. ನೀರು ತಡಮಾಡಲಿಲ್ಲ. ಸೀದಾ ಪಡುವಣಕ್ಕೆ ಹೋಯಿತು.

ಅಲ್ಲಿಗೆ ಗಡಿ ಮುಗಿಯಿತು. ಅಧಿಕಾರಿ ಒಪ್ಪಂದದ ಓಲೆಗೆ ಮುದ್ರೆ ಒತ್ತಿದ. ಹೊಸ ನಾಡು ಹುಟ್ಟಿತು. ತಮಟೆಯವರಿಗೆ ಬಾರಿಸಬೇಕೋ ಬೇಡವೋ ಗೊತ್ತಾಗಲಿಲ್ಲ. ತರುಣರು ನುಗ್ಗಿಬಂದರು. “ಅಣ್ಣಾ, ನಿನ್ನನ್ನು ಇಲ್ಲಿ ಬಿಟ್ಟು ಹೋಗುವವರು ಯಾರು? ಮನೆಯನ್ನೇ ಕಿತ್ತು ಹೊತ್ತುಕೊಂಡು ಹೋಗುತ್ತೇವೆ” ಎಂದರು.

ನೀರುಗಂಟಿ ಎರಡೂ ಕೈ ಅಡ್ಡ ಹಿಡಿದ. “ಅಲ್ಲೇ ನಿಲ್ಲಿ. ಇದು ಅರಸನ ನೆಲ. ಸುರಿದ ನೀರು ಇನ್ನೂ ಆರಿಲ್ಲ, ಗಡಿಯನ್ನು ನೀವೇ ಮುರಿಯಬೇಡಿ.”

ಅವರು ನಿಂತರು. ಕೆಲವರು ಅತ್ತರು. “ಬಾರಿಸ್ರೋ, ಸುಮ್ಮನೆ ಯಾಕೆ ನಿಂತಿರಿ?” ಎಂದು ಅವನೇ ಕೂಗಿ ಹೇಳಬೇಕಾಯಿತು. ತಮಟೆ ಮತ್ತೆ ಎದ್ದಿತು. ಜನ ಕುಣಿಯುತ್ತ, ಓಡುತ್ತ, ಮೂಡಣದ ಇಳಿಜಾರಿನಲ್ಲಿ ತಮ್ಮ ನಾಡಿಗೆ ಇಳಿದುಹೋದರು. ನೀರುಗಂಟಿಗೆ ದುಃಖವಾಯಿತು, ಸುಳ್ಳು ಯಾಕೆ ಹೇಳಲಿ. ಆದರೂ ಆ ತಮಟೆಗೆ ಅವನ ಕಾಲು ತಾನಾಗಿ ತಾಳ ಹಾಕುತ್ತಿತ್ತು. ಮರುವಾರ ಹೆಂಡತಿ ಬುತ್ತಿ ಕಟ್ಟಿಕೊಟ್ಟಳು. ಅವನು ಅರಸನ ಕೋಟೆಗೆ ಕಲ್ಲು ಹೊರಲು ಹೋದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. “ಇದು ಅನ್ಯಾಯ ಗುರುಗಳೇ. ಅಷ್ಟೆಲ್ಲ ಮಾಡಿದವನಿಗೆ ಆ ನಾಡಿನಿಂದ ಸಿಕ್ಕಿದ್ದಾದರೂ ಏನು?”

ಗುರುಗಳು ಹೇಳಿದರು: “ಕಲ್ಲು ಹೊತ್ತು ಬಂದ ಸಂಜೆ ಮನೆಯ ಜಗಲಿಯ ಮೇಲೆ ಕೂತರೆ, ಆ ನಾಡು ಅವನಿಗೆ ಪೂರ್ತಿ ಕಾಣಿಸುತ್ತಿತ್ತು.”